ವಿದ್ಯಾಲಯದ ಗ್ರಂಥಭಾಂಡಾರಗಳೂ ಪಾಠಕ್ರಮದ ಚಲಚ್ಚಿತ್ರಗಳೂ: ಕುಂದಗೋಳದ ಗಾನಪರಂಪರೆಯ ನಿದರ್ಶನದಿಂದ ಒಂದು ವಿಚಾರ

೧. ವಿಷಯಪ್ರವೇಶ

ಗ್ರಂಥಭಾಂಡಾರವು ಗ್ರಂಥಗಳಿಗೆ ಮಾತ್ರ ಆಶ್ರಯವೆಂಬ ಭಾವನೆಯು ಹಿಂದಿನದಾಯಿತು. ಓಲೆಯ ಕಟ್ಟು, ಕಡತ, ಮುದ್ರಿತ ಪುಸ್ತಕ, ಗ್ರಾಮಫೋನಿನ ತಟ್ಟೆ, ಚಲಚ್ಚಿತ್ರದ ಸುರುಳಿ, ಕ್ಯಾಸೆಟ್ಟು, ಡಿ.ವಿ.ಡಿ. ಇವು ಒಂದರ ಹಿಂದೊಂದು ಬಂದು ಅದರ ಕಪಾಟುಗಳನ್ನು ಸೇರಿದುವು. ಇವುಗಳ ರೂಪವು ಬೇರೆಬೇರೆಯಾಗಿದ್ದರೂ ಒಂದು ಧರ್ಮವು ಎಲ್ಲಕ್ಕೂ ಸಮಾನವಾಗಿದ್ದಿತು. ಒಮ್ಮೆ ಬೆಲೆಯನ್ನು ಕೊಟ್ಟು ತಂದ ವಸ್ತುವು ಭಾಂಡಾರದ ಸ್ವತ್ತಾಗುತ್ತಿತ್ತು. ಅದು ಹರಿದು ಮುರಿದು ಹೋಗುವವರೆಗೆ ಇಂದಿನ ವಿದ್ಯಾರ್ಥಿಗೂ ಮೂವತ್ತು ವರ್ಷಗಳ ತರುವಾಯ ಬರುವ ವಿದ್ಯಾರ್ಥಿಗೂ ಒಂದೇ ರೀತಿಯಲ್ಲಿ ಒದಗುತ್ತಿತ್ತು.

ಸ್ಟ್ರೀಮಿಂಗ್ ಎಂಬ ಹೊಸ ಪದ್ಧತಿಯಲ್ಲಿ ಈ ಸಮಾನಧರ್ಮವು ಮೊದಲ ಬಾರಿಗೆ ತಪ್ಪಿದೆ. ಇದರಲ್ಲಿ ಚಿತ್ರವು ದೂರದ ಗಣಕಯಂತ್ರವೊಂದರಲ್ಲಿ ಇದ್ದುಕೊಂಡು, ಅಂತರ್ಜಾಲದ ದ್ವಾರಾ ನೋಡುವವನ ಪರದೆಗೆ ಹರಿದುಬರುತ್ತದೆ. ನೋಡಿ ಮುಗಿದ ಮೇಲೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಭಾಂಡಾರಕ್ಕೆ ದೊರೆಯುವುದು ವಸ್ತುವಲ್ಲ, ಗೊತ್ತಾದ ಅವಧಿಯವರೆಗೆ ಗೊತ್ತಾದ ಜನರಿಗೆ ತೋರಿಸುವ ಪರವಾನಗಿ ಮಾತ್ರ. ಅವಧಿಯು ತೀರಿದೊಡನೆ ಚಿತ್ರವು ಅಲ್ಲಿಂದ ಇಲ್ಲವಾಗುವುದು. ಈ ಭೇದವು ಪಾಠಕ್ರಮದ ಮೇಲೆ ಯಾವ ಪರಿಣಾಮವನ್ನು ಉಂಟುಮಾಡುತ್ತದೆ, ಭಾರತದ ಕಾಯಿದೆಯು ಇದರಲ್ಲಿ ಎಷ್ಟರ ಮಟ್ಟಿಗೆ ನೆರವಾಗುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದೇ ಪ್ರಕೃತ ಲೇಖನದ ವಿಷಯವಾಗಿದೆ.

೨. ಕುಂದಗೋಳದ ನಿದರ್ಶನ

ಇಂತಹ ವಿಷಯವನ್ನು ಬರಿಯ ಸೂತ್ರರೂಪದಲ್ಲಿ ವಿಚಾರಿಸುವುದಕ್ಕಿಂತ ಒಂದು ನಿಜವಾದ ಪಾಠಕ್ರಮವನ್ನು ಎದುರಿಗಿಟ್ಟುಕೊಂಡು ವಿಚಾರಿಸುವುದು ಮೇಲು. ಧಾರವಾಡ ಜಿಲ್ಲೆಯ ಕುಂದಗೋಳವು ಇದಕ್ಕೆ ಯೋಗ್ಯವಾದ ಸ್ಥಳವಾಗಿದೆ. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೋಗುವ ರೈಲುಹಾದಿಯ ಮೇಲಿರುವ ಈ ಊರು ೧೯೪೮ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ಕಿರಾನಾ ಘರಾಣೆಯ ಸವಾಯಿ ಗಂಧರ್ವರು, ಎಂದರೆ ರಾಮಚಂದ್ರ ಕುಂದಗೋಳಕರ ಸೌಂಶಿಯವರು, ೧೮೮೬ರಲ್ಲಿ ಜನಿಸಿದುದು ಇಲ್ಲಿಯೇ. ಉಸ್ತಾದ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಇವರು ೧೯೫೨ರಲ್ಲಿ ದಿವಂಗತರಾದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದುಹೋಗುತ್ತ ಗಂಗೂಬಾಯಿ ಹಾನಗಲ್ಲರೂ, ಗುರುಗಳ ಮನೆಯಲ್ಲಿಯೇ ಇದ್ದುಕೊಂಡು ಭೀಮಸೇನ ಜೋಶಿಯವರೂ ಇವರಿಂದ ವಿದ್ಯೆಯನ್ನು ಸಂಪಾದಿಸಿದರು. ಊರಿನ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣಾರ್ಥವಾಗಿ ನಡೆದುಬಂದಿರುವ ಸಂಗೀತೋತ್ಸವವು ಈ ನಾಡಿನ ರಸಿಕರೆಲ್ಲರಿಗೂ ಪರಿಚಿತವಾದುದು.

ಈ ಪರಂಪರೆಯಲ್ಲಿ ಯಂತ್ರಕ್ಕೂ ಒಂದು ಪಾತ್ರವುಂಟು. ಬಾಲಕರಾಗಿದ್ದಾಗ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿ ಆ ಗಾನಕ್ಕೆ ಮಾರುಹೋದರೆಂಬುದೂ, ಗುರುವನ್ನು ಹುಡುಕುತ್ತ ೧೯೩೩ರಲ್ಲಿ ಮನೆಯನ್ನು ಬಿಟ್ಟು ಹೋದರೆಂಬುದೂ ಪ್ರಸಿದ್ಧವಾಗಿವೆ. ಆ ತಟ್ಟೆಯು ಅಂಗಡಿಯವನ ಸ್ವತ್ತಾಗಿದ್ದಿತು. ಅವನು ಅದನ್ನು ಯಾರ ಅಪ್ಪಣೆಯನ್ನೂ ಬೇಡದೆ ನುಡಿಸಿದನು. ದಾರಿಯಲ್ಲಿ ಹೋಗುವ ಹುಡುಗನು ಕೇಳಿದನು. ವಿದ್ಯೆಯು ಹರಡುವುದಕ್ಕೆ ವಸ್ತುವಿನ ಒಡೆತನವು ಎಷ್ಟು ಸಹಾಯಕವೆಂಬುದು ಇದರಿಂದ ಸ್ಪಷ್ಟವಾಗುವುದು.

ಈಗ ಈ ಜಿಲ್ಲೆಯ ಕಾಲೇಜೊಂದರಲ್ಲಿ ಕಿರಾನಾ ಘರಾಣೆಯನ್ನು ಕುರಿತು ಪಾಠಹೇಳುವ ಅಧ್ಯಾಪಕರು ಮೂರು ಬಗೆಯ ಸಾಮಗ್ರಿಯನ್ನು ಅಪೇಕ್ಷಿಸುವರೆಂದು ಇಟ್ಟುಕೊಳ್ಳೋಣ. ಒಂದನೆಯದು, ಸವಾಯಿ ಗಂಧರ್ವರು ಬದುಕಿದ್ದಾಗ ಹೊರಬಂದ ಅವರ ಧ್ವನಿಮುದ್ರಿಕೆಗಳು. ಎರಡನೆಯದು, ಗುಲ್ಜಾರರ ನಿರ್ದೇಶನದಲ್ಲಿ ಕೇಂದ್ರ ಸರಕಾರದ ಫಿಲ್ಮ್ಸ್ ಡಿವಿಜನ್ ತಯಾರಿಸಿದ, ಭೀಮಸೇನ ಜೋಶಿಯವರನ್ನು ಕುರಿತ ಸಾಕ್ಷ್ಯಚಿತ್ರ. ಮೂರನೆಯದು, ೧೯೬೬ರಲ್ಲಿ ತೆರೆಕಂಡ ‘ಸಂಧ್ಯಾರಾಗ’ ಎಂಬ ಕನ್ನಡ ಚಲಚ್ಚಿತ್ರ, ಇದು ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದುದು, ಗಾಯಕನೊಬ್ಬನ ಜೀವನವನ್ನು ವಸ್ತುವಾಗಿ ಉಳ್ಳದ್ದು, ಭೀಮಸೇನ ಜೋಶಿಯವರೇ ಹಾಡಿರುವಂಥದು. ಈ ಮೂರೂ ಒಂದೇ ಪಾಠದ ಅಂಗಗಳಾದರೂ ಕಾಯಿದೆಯ ದೃಷ್ಟಿಯಲ್ಲಿ ಮೂರರ ಸ್ಥಿತಿಯೂ ಬೇರೆಬೇರೆಯಾಗಿದೆ.

೩. ಸ್ವಾಮ್ಯದ ಅವಧಿ

ಭಾರತದಲ್ಲಿ ೧೯೫೭ರ ಕೃತಿಸ್ವಾಮ್ಯದ ಕಾಯಿದೆಯು ಜಾರಿಯಲ್ಲಿದೆ; ಇದಕ್ಕೆ ಅನೇಕ ತಿದ್ದುಪಡಿಗಳಾಗಿದ್ದು, ೨೦೧೨ರದು ಪ್ರಕೃತ ವಿಷಯಕ್ಕೆ ಮುಖ್ಯವಾದುದು. ಈ ಕಾಯಿದೆಯ ಮೇರೆಗೆ ಧ್ವನಿಮುದ್ರಿಕೆಗಳಿಗೂ ಚಲಚ್ಚಿತ್ರಗಳಿಗೂ ಸ್ವಾಮ್ಯವು ೬೦ ವರ್ಷಗಳ ವರೆಗೆ ಇರುವುದು. ಪ್ರಕಟವಾದ ವರ್ಷದ ಮುಂದಿನ ಜನವರಿ ೧ರಿಂದ ಈ ಲೆಕ್ಕವನ್ನು ಹಿಡಿಯತಕ್ಕದ್ದು. ಸರಕಾರವು ತಯಾರಿಸಿದ ಕೃತಿಗಳಿಗೂ ಇದೇ ಅವಧಿಯು ಅನ್ವಯಿಸುತ್ತದೆ. ಗ್ರಂಥಗಳ ವಿಷಯದಲ್ಲಿಯಾದರೋ ಕರ್ತೃವಿನ ಮರಣದ ಮುಂದಿನ ವರ್ಷದಿಂದ ೬೦ ವರ್ಷಗಳನ್ನು ಎಣಿಸಬೇಕು.

ಈ ನಿಯಮವನ್ನು ಮೇಲಿನ ಮೂರು ಸಾಮಗ್ರಿಗಳಿಗೆ ಅನ್ವಯಿಸಿ ನೋಡಬಹುದು. ಗುರುಗಳು ಬದುಕಿದ್ದಾಗ, ಎಂದರೆ ೧೯೫೨ರ ಒಳಗೆ ಪ್ರಕಟವಾದ ಧ್ವನಿಮುದ್ರಿಕೆಗಳ ಸ್ವಾಮ್ಯವು ಎಷ್ಟು ತಡವಾದರೂ ೨೦೧೨ರ ಕೊನೆಗೆ ತೀರಿಹೋಯಿತು. ಅವುಗಳ ಹಳೆಯ ತಟ್ಟೆಯು ಕೈಗೆ ಸಿಕ್ಕಿದ ಭಾಂಡಾರವು ಅದರ ಪ್ರತಿಯನ್ನು ಮಾಡಿ ಯಾರಿಗೆ ಬೇಕಾದರೂ ಕೇಳಿಸಬಹುದು. ಶಿಷ್ಯರ ಮೇಲಿನ ಸಾಕ್ಷ್ಯಚಿತ್ರದ ಸ್ವಾಮ್ಯವಾದರೋ ಇನ್ನೂ ಬಹುಕಾಲ ನಡೆಯತಕ್ಕದ್ದಾಗಿದೆ. ‘ಸಂಧ್ಯಾರಾಗ’ವು ೧೯೬೬ರದಾದುದರಿಂದ ಆ ಚಿತ್ರದ ಸ್ವಾಮ್ಯವು ೨೦೨೬ರ ಡಿಸೆಂಬರ ೩೧ಕ್ಕೆ ತೀರಬೇಕು. ಆದರೆ ಅದರ ಮೂಲವಾದ ಕಾದಂಬರಿಯ ಕರ್ತೃಗಳು ೧೯೭೧ರಲ್ಲಿ ದಿವಂಗತರಾದುದರಿಂದ ಕಾದಂಬರಿಯ ಸ್ವಾಮ್ಯವು ೨೦೩೧ರ ಕೊನೆಯವರೆಗೆ ನಿಲ್ಲುವುದು. ಚಿತ್ರದ ಸ್ವಾಮ್ಯವು ಅದರಲ್ಲಿ ಅಡಗಿರುವ ಇತರ ಕೃತಿಗಳ ಸ್ವಾಮ್ಯವನ್ನು ಬಾಧಿಸುವುದಿಲ್ಲವೆಂದು ಕಾಯಿದೆಯ ೧೩ನೆಯ ಕಲಮಿನಲ್ಲಿಯೇ ಹೇಳಿದೆ. ಚಲಚ್ಚಿತ್ರವೆಂಬುದು ಕಥೆ, ಸಂಗೀತ, ಛಾಯೆ, ಧ್ವನಿ ಮುಂತಾದ ಹಲವು ಕೃತಿಗಳ ಸಮೂಹವೆಂಬುದನ್ನು ಭಾಂಡಾರದವರು ಇದರಿಂದ ಅರಿಯಬೇಕು.

ಇಲ್ಲಿಯೇ ಇನ್ನೊಂದು ಸಂಗತಿಯು ಗಮನಿಸತಕ್ಕದ್ದಾಗಿದೆ. ಸ್ವಾಮ್ಯವು ತೀರುವುದು ಬೇರೆ, ಪ್ರತಿಯು ಕೈಸೇರುವುದು ಬೇರೆ. ಅವಧಿಯು ತೀರಿದ ಚಿತ್ರವನ್ನು ತೋರಿಸುವುದಕ್ಕೆ ಯಾರೂ ಅಡ್ಡಿಮಾಡಲಾರರು. ಆದರೆ ಪ್ರತಿಯುಳ್ಳವನು ಅದನ್ನು ಕೊಟ್ಟೇ ಕೊಡಬೇಕೆಂಬ ಕಟ್ಟಳೆಯೂ ಇಲ್ಲ. ಭಾರತದಲ್ಲಿ ಮುದ್ರಿತವಾದ ಪುಸ್ತಕಗಳನ್ನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಭಾಂಡಾರಗಳಿಗೆ ಕಡ್ಡಾಯವಾಗಿ ಒಪ್ಪಿಸಬೇಕೆಂದು ೧೯೫೪ರ ಕಾಯಿದೆಯೊಂದಿದೆ. ಅದು ಚಲಚ್ಚಿತ್ರಗಳಿಗೆ ಅನ್ವಯಿಸುವುದಿಲ್ಲ.

೪. ಪಾಠದ ಕೊಠಡಿಗೆ ದೊರೆತ ಅವಕಾಶ

ಸ್ವಾಮ್ಯವು ತೀರದ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ಅಪರಾಧವೇ ಎಂಬ ಸಂದೇಹವು ಅನೇಕ ಅಧ್ಯಾಪಕರಲ್ಲಿ ಉಂಟು. ಕಾಯಿದೆಯ ೫೨ನೆಯ ಕಲಮು ಈ ಸಂದೇಹವನ್ನು ಬಹುಮಟ್ಟಿಗೆ ಪರಿಹರಿಸುತ್ತದೆ. ವಿದ್ಯಾಸಂಸ್ಥೆಯ ಕಾರ್ಯಕಲಾಪಗಳ ಅಂಗವಾಗಿ ಚಲಚ್ಚಿತ್ರವನ್ನಾಗಲಿ ಧ್ವನಿಮುದ್ರಿಕೆಯನ್ನಾಗಲಿ ತೋರಿಸಿದರೆ ಅಥವಾ ಕೇಳಿಸಿದರೆ, ಪ್ರೇಕ್ಷಕರು ಸಂಸ್ಥೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿಗಳು ಮತ್ತು ಪೋಷಕರು, ಸಂಸ್ಥೆಯ ಕಾರ್ಯಕ್ಕೆ ಸಂಬಂಧಪಟ್ಟವರು ಇಷ್ಟೇ ಜನರಾಗಿದ್ದಲ್ಲಿ, ಅದು ಸ್ವಾಮ್ಯದ ಉಲ್ಲಂಘನೆಯಾಗದು. ಅದೇ ಕಲಮಿನಲ್ಲಿ, ಪಾಠಹೇಳುವಾಗ ಅಧ್ಯಾಪಕನಾಗಲಿ ವಿದ್ಯಾರ್ಥಿಯಾಗಲಿ ಕೃತಿಯ ಪ್ರತಿಯನ್ನು ಮಾಡಿಕೊಳ್ಳುವುದಕ್ಕೂ ಅವಕಾಶವಿದೆ. ದಿಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠಸಂಪುಟಗಳನ್ನು ಜೆರಾಕ್ಸ್ ಮಾಡಿಕೊಡುತ್ತಿದ್ದ ಅಂಗಡಿಯ ಮೇಲೆ ವಿದೇಶದ ಪ್ರಕಾಶಕರು ಹೂಡಿದ ದಾವೆಯಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ೨೦೧೬ರ ಸಪ್ಟೆಂಬರಿನಲ್ಲಿಯೂ, ಮೇಲ್ಮನವಿಯ ಮೇಲೆ ಡಿಸೆಂಬರಿನಲ್ಲಿಯೂ ಕೊಟ್ಟ ತೀರ್ಪುಗಳು ಈ ಅವಕಾಶವನ್ನು ವಿಶಾಲವಾದ ಅರ್ಥದಲ್ಲಿ ಗ್ರಹಿಸಿದುವು. ‘ಪಾಠಹೇಳುವಾಗ’ ಎಂಬುದು ಕೊಠಡಿಯೊಳಗಿನ ಗಂಟೆಗೆ ಮಾತ್ರ ಸೀಮಿತವಲ್ಲವೆಂಬುದು ಅವುಗಳ ತಾತ್ಪರ್ಯ. ಆ ವ್ಯಾಜ್ಯವು ಪುಸ್ತಕಗಳದಾಗಿದ್ದಿತು, ಚಲಚ್ಚಿತ್ರಗಳದಲ್ಲ, ಎಂಬುದನ್ನೂ ಮರೆಯಬಾರದು.

ವಸ್ತುವಿನ ವಿಷಯದಲ್ಲಿಯೂ ಕಾಯಿದೆಯು ಭಾಂಡಾರಗಳಿಗೆ ಅನುಕೂಲವಾಗಿದೆ. ಚಲಚ್ಚಿತ್ರದ ಪ್ರತಿಯನ್ನು ವಾಣಿಜ್ಯಕ್ಕಾಗಿ ಬಾಡಿಗೆಗೆ ಕೊಡುವ ಹಕ್ಕು ಸ್ವಾಮ್ಯವುಳ್ಳವನದು. ಆದರೆ ಲಾಭವನ್ನು ಬಯಸದ ಗ್ರಂಥಭಾಂಡಾರ ಅಥವಾ ವಿದ್ಯಾಸಂಸ್ಥೆಯು ನ್ಯಾಯವಾಗಿ ಸಂಪಾದಿಸಿದ ಪ್ರತಿಯನ್ನು ಎರವಲು ಕೊಡುವುದು ಅಂತಹ ಬಾಡಿಗೆಯಲ್ಲವೆಂದು ೨೦೧೨ರ ತಿದ್ದುಪಡಿಯಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಡಿ.ವಿ.ಡಿ.ಯನ್ನು ಕೊಂಡು ವಿದ್ಯಾರ್ಥಿಗೆ ಮನೆಗೆ ಒಯ್ಯಲು ಕೊಡುವ ಕಾಲೇಜು ನಿರ್ಭಯವಾಗಿರಬಹುದು. ಇದಲ್ಲದೆ, ತನ್ನಲ್ಲಿರುವ ಕೃತಿಯ ಡಿಜಿಟಲ್ ಅಲ್ಲದ ಪ್ರತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಿಡಲು ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯಕ್ಕೆ ಅನುಮತಿಯಿದೆ. ಶಿಥಿಲವಾಗುತ್ತಿರುವ ಕ್ಯಾಸೆಟ್ಟುಗಳಿಗೂ ಸುರುಳಿಗಳಿಗೂ ಇದು ಒಳ್ಳೆಯ ಆಸರೆ. ಡಿ.ವಿ.ಡಿ.ಯು ಸ್ವತಃ ಡಿಜಿಟಲ್ ವಸ್ತುವಾದುದರಿಂದ ಅದಕ್ಕೆ ಈ ವಾಕ್ಯವು ನೆರವಾಗಲಾರದು.

೫. ಕಾಯಿದೆಯು ಕೈಬಿಡುವ ಸ್ಥಳ

ಇಷ್ಟು ಉದಾರವಾದ ಕಾಯಿದೆಯಿರುವಾಗ ಪರವಾನಗಿಯ ಗೊಡವೆಯೇಕೆ ಎಂದು ಕೇಳಬಹುದು. ಮೇಲೆ ಹೇಳಿದ ಅವಕಾಶಗಳೆಲ್ಲವೂ ಚಿತ್ರವು ಕೈಯಲ್ಲಿದ್ದಾಗ ಏನು ಮಾಡಬಹುದೆಂಬುದನ್ನು ಹೇಳುತ್ತವೆಯೇ ಹೊರತು ಚಿತ್ರವನ್ನು ಕೈಗೆ ಕೊಡುವುದಿಲ್ಲ. ಎರವಲು ಕೊಡುವ ಸ್ವಾತಂತ್ರ್ಯವು ಪ್ರತಿಯನ್ನು ಆಶ್ರಯಿಸಿದೆ. ಸಂರಕ್ಷಣೆಯ ಸ್ವಾತಂತ್ರ್ಯವೂ ಪ್ರತಿಯನ್ನೇ ಆಶ್ರಯಿಸಿದೆ. ಸ್ಟ್ರೀಮಿಂಗ್ ಪದ್ಧತಿಯಲ್ಲಿ ಪ್ರತಿಯೇ ಇಲ್ಲವಾದುದರಿಂದ ಈ ಸ್ವಾತಂತ್ರ್ಯಗಳಿಗೆ ನಿಲ್ಲಲು ನೆಲೆಯಿಲ್ಲದಂತಾಗುವುದು. ಅವುಗಳ ಸ್ಥಾನದಲ್ಲಿ ಒಪ್ಪಂದದ ಕರಾರುಗಳು ಬಂದು ನಿಲ್ಲುತ್ತವೆ.

ಅಧ್ಯಾಪಕರೊಬ್ಬರು ತಮ್ಮ ಸ್ವಂತ ಚಂದಾದಿಂದ ಪಡೆದ ಚಿತ್ರವನ್ನು ತರಗತಿಯಲ್ಲಿ ತೋರಿಸುವ ಪ್ರಸಂಗವನ್ನು ಉದಾಹರಿಸಬಹುದು. ಸ್ವಾಮ್ಯದ ಕಾಯಿದೆಯು ಅದನ್ನು ಉಲ್ಲಂಘನೆಯೆಂದು ಎಣಿಸದಿದ್ದರೂ, ನೆಟ್‌ಫ್ಲಿಕ್ಸ್ ಮೊದಲಾದ ಸಂಸ್ಥೆಗಳ ಕರಾರಿನಲ್ಲಿ ಚಂದಾ ಸ್ವಂತದ ಉಪಯೋಗಕ್ಕೆ ಮಾತ್ರವೆಂದಿರುವುದರಿಂದ ಅದು ಒಪ್ಪಂದಕ್ಕೆ ವಿರುದ್ಧವಾಗಬಹುದು. ಆ ಸಂಸ್ಥೆಯೇ ತನ್ನ ಕೆಲವು ಸಾಕ್ಷ್ಯಚಿತ್ರಗಳನ್ನು ಶಿಕ್ಷಣಾರ್ಥವಾಗಿ ಒಂದು ಸಲ ತೋರಿಸಲು ಅನುಮತಿಯನ್ನು ಕೊಟ್ಟಿದೆ. ಅನುಮತಿಯನ್ನು ಪ್ರತ್ಯೇಕವಾಗಿ ಕೊಡಬೇಕಾಯಿತೆಂಬುದೇ ಕರಾರಿನ ಬಿಗಿಯನ್ನು ತೋರಿಸುತ್ತದೆ. ಇನ್ನು ಹರಿದುಬರುವ ಚಿತ್ರವನ್ನು ಬೀಗವೊಡೆದು ಪ್ರತಿಮಾಡಿಕೊಳ್ಳುವ ಉಪಾಯವನ್ನು ನೆಚ್ಚುವಂತಿಲ್ಲ. ಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸಿದವನಿಗೆ ೬೫-ಎ ಕಲಮಿನಲ್ಲಿ ಎರಡು ವರ್ಷಗಳ ವರೆಗೆ ಸೆರೆವಾಸವನ್ನು ವಿಧಿಸಿದೆ. ಕಾಯಿದೆಯು ನಿಷೇಧಿಸದ ಉದ್ದೇಶಕ್ಕೆ ಅದೇ ಕಲಮಿನಲ್ಲಿ ವಿನಾಯಿತಿಯಿದ್ದರೂ, ಸಣ್ಣ ಕಾಲೇಜೊಂದು ಅದನ್ನು ನಂಬಿ ನ್ಯಾಯಾಲಯದ ಮೆಟ್ಟಿಲನ್ನೇರುವುದು ಸುಲಭವಲ್ಲ.

ಮತ್ತೊಂದು ತೊಡಕು ಸ್ಥಳದ್ದು. ಕಾಲೇಜಿನ ಕೊಠಡಿಯಲ್ಲಿ ಒಟ್ಟಿಗೆ ಕುಳಿತ ವಿದ್ಯಾರ್ಥಿಗಳ ವಿಷಯದಲ್ಲಿ ೫೨ನೆಯ ಕಲಮು ಸ್ಪಷ್ಟವಾಗಿದೆ. ಸಂಶಿಯಲ್ಲಿಯೋ ಗುಡಗೇರಿಯಲ್ಲಿಯೋ ತನ್ನ ಮನೆಯಲ್ಲಿ ರಾತ್ರಿ ಒಬ್ಬನೇ ನೋಡುವ ವಿದ್ಯಾರ್ಥಿಗೆ ಚಿತ್ರವನ್ನು ಜಾಲದ ಮೂಲಕ ಕಳುಹುವುದೂ ಅದೇ ವಾಕ್ಯದೊಳಗೆ ಬರುವುದೇ ಎಂಬುದು ಚರ್ಚಾಸ್ಪದವಾದ ಸಂಗತಿ. ಪರವಾನಗಿಯಿದ್ದಲ್ಲಿ ಈ ಚರ್ಚೆಯೇ ಹುಟ್ಟುವುದಿಲ್ಲ. ಪರವಾನಗಿಯ ನಿಜವಾದ ಪ್ರಯೋಜನವು ಇಲ್ಲಿದೆ.

೬. ಪರದೇಶಗಳ ಅನುಭವ

ಈ ಪದ್ಧತಿಯು ಮೊದಲು ಬೇರೂರಿದ ದೇಶಗಳ ಅನುಭವವು ಇಲ್ಲಿಯವರಿಗೆ ದಾರಿದೀಪವಾಗಬಲ್ಲುದು. ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ತಾನು ಕೊಂಡಿದ್ದ ಡಿ.ವಿ.ಡಿ.ಗಳನ್ನು ಜಾಲಕ್ಕೇರಿಸಿ ಆಯಾ ಪಾಠಕ್ರಮದ ವಿದ್ಯಾರ್ಥಿಗಳಿಗೆ ಮಾತ್ರ ಕಾಣುವಂತೆ ಮಾಡಿತು. ಶೈಕ್ಷಣಿಕ ಚಿತ್ರಗಳ ವ್ಯಾಪಾರಿಗಳ ಸಂಘವು ೨೦೧೦ರಲ್ಲಿ ದಾವೆಯನ್ನು ಹೂಡಿತು. ನ್ಯಾಯಾಲಯವು ಅದನ್ನು ೨೦೧೧ರಲ್ಲಿ ಒಮ್ಮೆ, ತಿದ್ದಿ ತಂದ ಮೇಲೆ ೨೦೧೨ರಲ್ಲಿ ಮತ್ತೊಮ್ಮೆ ತಳ್ಳಿಹಾಕಿತು. ಆದರೆ ತೀರ್ಪು ಬಹುಪಾಲು ರಾಜ್ಯದ ಸಂಸ್ಥೆಗಿರುವ ವಿಶೇಷ ರಕ್ಷಣೆ, ಸಂಘಕ್ಕೆ ದಾವೆಹೂಡುವ ಅಧಿಕಾರವಿದೆಯೇ ಎಂಬ ಪ್ರಶ್ನೆ, ಇಂತಹ ಆಧಾರಗಳ ಮೇಲೆ ನಿಂತುದರಿಂದ ಮುಖ್ಯ ಪ್ರಶ್ನೆಯು ನಿರ್ಣಯವಾಗದೆ ಉಳಿಯಿತು. ಇತರ ವಿದ್ಯಾಲಯಗಳು ಪರವಾನಗಿಯ ಹಾದಿಯನ್ನೇ ಹಿಡಿದುವು.

ಆ ಹಾದಿಯ ವೆಚ್ಚವು ಬೇಗನೆ ಕಂಡುಬಂದಿತು. ೨೦೦೮ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ ಕ್ಯಾನೋಪಿ ಎಂಬ ಸಂಸ್ಥೆಯು ತನ್ನ ಸಾವಿರಾರು ಚಿತ್ರಗಳನ್ನು ವಿದ್ಯಾರ್ಥಿಗಳೆದುರು ತೆರೆದಿಟ್ಟು, ಒಂದು ಚಿತ್ರವನ್ನು ಮೂರು ನಾಲ್ಕು ಸಲ ನೋಡಿದೊಡನೆ ಒಂದು ವರ್ಷದ ಪರವಾನಗಿಯ ಹಣವನ್ನು, ಸುಮಾರು ೧೫೦ ಡಾಲರನ್ನು, ಭಾಂಡಾರದ ಲೆಕ್ಕಕ್ಕೆ ಹಚ್ಚುವ ಕ್ರಮವನ್ನು ನಡೆಸಿತು. ಆರಿಸುವವನು ಭಾಂಡಾರಿಯಲ್ಲ, ನೋಡುವವನು. ನೋಟಗಳು ಹೆಚ್ಚಿದಷ್ಟೂ ವೆಚ್ಚವು ಹೆಚ್ಚುವುದು. ವರ್ಷವು ತೀರಿದ ಮೇಲೆ ಅದೇ ಚಿತ್ರಕ್ಕೆ ಮತ್ತೆ ಹಣವನ್ನು ತೆರಬೇಕಾಗುವುದು. ಅನೇಕ ವಿಶ್ವವಿದ್ಯಾಲಯಗಳು, ಪಾಠಕ್ಕೆ ಅಧ್ಯಾಪಕರು ಕೇಳಿದ ಚಿತ್ರಗಳಿಗೆ ಮಾತ್ರ ಹಣಕೊಡುವೆವೆಂದು ಇದನ್ನು ಕಟ್ಟಿಹಾಕಿದುವು. ಸಾರ್ವಜನಿಕ ಭಾಂಡಾರಗಳಿಗೆ ಪ್ರತಿಯೊಂದು ನೋಟಕ್ಕೆ ಇಂತಿಷ್ಟೆಂಬ ದರವಿದ್ದಿತು. ನ್ಯೂಯಾರ್ಕ್ ನಗರದ ಮೂರು ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗಳು ವೆಚ್ಚವನ್ನು ತಾಳಲಾರದೆ ೨೦೧೯ರಲ್ಲಿ ಈ ಸೇವೆಯನ್ನು ನಿಲ್ಲಿಸಿದುವು. ನಿಲ್ಲಿಸಿದ ದಿನ ಅವುಗಳ ಕಪಾಟಿನಲ್ಲಿ, ಅಷ್ಟು ಹಣವನ್ನು ತೆತ್ತ ಮೇಲೆಯೂ, ಒಂದು ಚಿತ್ರವೂ ಉಳಿದಿರಲಿಲ್ಲ.

ಭಾರತದಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಕೇಂದ್ರ ಮಂತ್ರಿಮಂಡಲವು ೨೦೨೪ರ ನವೆಂಬರದಲ್ಲಿ ಒಪ್ಪಿಗೆಯನ್ನಿತ್ತು, ೨೦೨೫ರಿಂದ ೨೦೨೭ರವರೆಗಿನ ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ೩೦ ಪ್ರಕಾಶಕರ ಸುಮಾರು ೧೩,೦೦೦ ಸಂಶೋಧನ ಪತ್ರಿಕೆಗಳು ಸರಕಾರಿ ವಿದ್ಯಾಸಂಸ್ಥೆಗಳಿಗೆ ದೊರೆಯುವಂತೆ ಮಾಡುವುದು ಇದರ ಉದ್ದೇಶ. ಒಂದೊಂದು ಕಾಲೇಜು ಒಂಟಿಯಾಗಿ ಪಡೆಯಲಾರದುದನ್ನು ದೇಶವು ಒಟ್ಟಾಗಿ ಪಡೆಯಬಹುದೆಂಬುದಕ್ಕೆ ಇದು ಸಾಕ್ಷಿ. ಆದರೆ ಈ ಯೋಜನೆಯು ಪತ್ರಿಕೆಗಳದು. ಪಾಠಕ್ರಮದ ಚಲಚ್ಚಿತ್ರಗಳಿಗೆ ಅದರಲ್ಲಿ ಸ್ಥಾನವಿಲ್ಲ.

೭. ಪರವಾನಗಿಯಲ್ಲಿ ನೋಡತಕ್ಕ ಅಂಶಗಳು

ಹೀಗಿರಲು, ಪರವಾನಗಿಯನ್ನು ಪಡೆಯಹೊರಟ ಭಾಂಡಾರವು ಮೊದಲು ವಿಚಾರಿಸಬೇಕಾದುದು ಸ್ವಾಮ್ಯವು ಯಾರದೆಂಬುದನ್ನು. ಭೀಮಸೇನ ಜೋಶಿಯವರ ಸಾಕ್ಷ್ಯಚಿತ್ರವನ್ನು ತಯಾರಿಸಿದ ಫಿಲ್ಮ್ಸ್ ಡಿವಿಜನ್ ೧೯೪೮ರಲ್ಲಿ ಸ್ಥಾಪಿತವಾದುದು. ೨೦೨೨ರಲ್ಲಿ ಅದನ್ನೂ, ೧೯೬೪ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವನ್ನೂ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಳಿಸಲಾಯಿತು. ಹಳೆಯ ಚಿತ್ರದ ಮೇಲೆ ಅಚ್ಚಾದ ಹೆಸರನ್ನು ನಂಬಿ ಹಳೆಯ ವಿಳಾಸಕ್ಕೆ ಬರೆದವರಿಗೆ ಉತ್ತರವು ಬಾರದಿದ್ದರೆ ಆಶ್ಚರ್ಯವಿಲ್ಲ. ಖಾಸಗಿ ಚಿತ್ರಗಳಲ್ಲಿಯಂತೂ ಟೆಲಿವಿಜನ್ನಿನ ಹಕ್ಕು ಒಬ್ಬರಲ್ಲಿ, ಜಾಲದ ಹಕ್ಕು ಇನ್ನೊಬ್ಬರಲ್ಲಿ ಇರುವುದುಂಟು.

ಎರಡನೆಯದು ಬರವಣಿಗೆ. ೩೦ನೆಯ ಕಲಮಿನಂತೆ ಪರವಾನಗಿಯು ಲಿಖಿತವಾಗಿರಬೇಕು. ಬಾಯಿಮಾತಿನ ಒಪ್ಪಿಗೆಯನ್ನು ನೆಚ್ಚಬಾರದು. ಅದರಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷಗಳೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದ ಎಲ್ಲೆಯೊಳಗೆಂದೂ ಕಾಯಿದೆಯು ಭಾವಿಸುತ್ತದೆ.

ಮೂರನೆಯದು ನೋಡುವವರ ಮತ್ತು ಸ್ಥಳದ ವ್ಯಾಪ್ತಿ. ಮನೆಯಿಂದ ನೋಡುವುದು, ಹೊರಗಿನಿಂದ ಕಟ್ಟುವ ವಿದ್ಯಾರ್ಥಿಗಳು, ಸಂಬಂಧಪಟ್ಟ ಇತರ ಕಾಲೇಜುಗಳು, ಇವುಗಳನ್ನು ಹೆಸರಿಸಿಯೇ ಬರೆಯಿಸಿಕೊಳ್ಳಬೇಕು. ಪಾಠಕ್ಕಾಗಿ ಚಿತ್ರದ ಒಂದು ಭಾಗವನ್ನು ಬೇರ್ಪಡಿಸುವುದಕ್ಕೂ, ಹಿಂದಿ ಇಂಗ್ಲಿಷು ಚಿತ್ರಗಳಿಗೆ ಕನ್ನಡದ ಅಡಿಬರಹವನ್ನು ಸೇರಿಸುವುದಕ್ಕೂ ಅನುಮತಿಯಿರಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಅವಧಿಯು ತೀರಿದ ಮೇಲಿನ ಸ್ಥಿತಿ. ಪಠ್ಯಕ್ರಮವು ಒಮ್ಮೆ ನಿಶ್ಚಿತವಾದರೆ ಹಲವು ವರ್ಷ ನಡೆಯುತ್ತದೆ. ಒಂದು ವರ್ಷದ ಪರವಾನಗಿಯಿಂದ ತಂದ ಚಿತ್ರವು ಪಾಠದ ನಡುವೆಯೇ ಕಾಣದಾಗಬಹುದು. ಸಾಧ್ಯವಿದ್ದಲ್ಲೆಲ್ಲ ಒಂದು ಪ್ರತಿಯು ಭಾಂಡಾರದಲ್ಲಿಯೇ ಉಳಿಯುವಂತೆ, ಆ ಪ್ರತಿಯನ್ನು ಭಾಂಡಾರವು ತನ್ನ ಜಾಲದಿಂದ ಶಾಶ್ವತವಾಗಿ ತೋರಿಸಬಹುದಾದಂತೆ ಕರಾರು ಮಾಡಿಕೊಳ್ಳುವುದು ಶ್ರೇಯಸ್ಕರ. ಬೆಲೆಯು ಮೊದಲಿಗೆ ಹೆಚ್ಚೆನಿಸಿದರೂ ಹತ್ತು ವರ್ಷಗಳ ಬಾಡಿಗೆಯೊಡನೆ ತೂಗಿ ನೋಡಬೇಕು. ಇದು ಒಂದು ತಾಲೂಕಿನ ಕಾಲೇಜಿಗೆ ಭಾರವಾದಲ್ಲಿ, ಆ ಕಾಲೇಜುಗಳೆಲ್ಲವೂ ಸೇರಿರುವ ವಿಶ್ವವಿದ್ಯಾಲಯವು ಎಲ್ಲರ ಪರವಾಗಿ ಕರಾರನ್ನು ಮಾಡಿಕೊಳ್ಳಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಂತಹ ಸಂಸ್ಥೆಗೆ ಇದು ಅಸಾಧ್ಯವಾದ ಕಾರ್ಯವಲ್ಲ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಇಷ್ಟು ಸಂಗತಿಗಳು ಸಿದ್ಧವಾಗುತ್ತವೆ. ಭಾರತದ ಕಾಯಿದೆಯು ಪಾಠದ ಕೊಠಡಿಗೆ ಉದಾರವಾಗಿದೆ. ಹೆದರಿ ಚಿತ್ರವನ್ನೇ ತೋರಿಸದಿರುವ ಕಾರಣವಿಲ್ಲ. ಆದರೆ ಆ ಔದಾರ್ಯವು ಪ್ರತಿಯುಳ್ಳವನಿಗೆ ಸಲ್ಲುವಂಥದು. ಪರವಾನಗಿಯೊಂದನ್ನೇ ನೆಚ್ಚಿದ ಭಾಂಡಾರವು ಪ್ರತಿಯನ್ನೂ, ಅದರೊಡನೆ ಕಾಯಿದೆಯು ಕೊಟ್ಟ ಸ್ವಾತಂತ್ರ್ಯವನ್ನೂ ಒಟ್ಟಿಗೆ ಬಿಟ್ಟುಕೊಡುತ್ತದೆ. ಈಗ ಅದರ ಫಲವಾಗಿ ಒಂದು ವಿಪರ್ಯಾಸವು ತಲೆದೋರಿದೆ. ೧೯೫೨ರಲ್ಲಿ ತೀರಿಕೊಂಡ ಗುರುವಿನ ದನಿಯು ಹಳೆಯ ತಟ್ಟೆಗಳಲ್ಲಿ ಉಳಿದು, ಕೇಳಬಯಸಿದವರೆಲ್ಲರಿಗೂ ಮುಕ್ತವಾಗಿದೆ. ೨೦೦೯ರಲ್ಲಿ ಗಂಗೂಬಾಯಿಯವರೂ ೨೦೧೧ರಲ್ಲಿ ಭೀಮಸೇನರೂ ತೀರಿಕೊಳ್ಳುವವರೆಗೆ ಅವರ ಹಾಡಿಕೆಯನ್ನು ಎಷ್ಟೋ ಉತ್ತಮವಾದ ಯಂತ್ರಗಳು ರೂಪಸಹಿತವಾಗಿ ಹಿಡಿದಿದ್ದರೂ, ಅದನ್ನು ಕಾಣುವುದು ಯಾರದೋ ಕರಾರಿನ ಅವಧಿಯನ್ನು ಅವಲಂಬಿಸಿದೆ. ಕುಂದಗೋಳದ ಮಣ್ಣಿನಲ್ಲಿ ಬೆಳೆದ ವಿದ್ಯೆಯು ಕುಂದಗೋಳದ ವಿದ್ಯಾರ್ಥಿಗೆ ಮುಂದೆಯೂ ಕಾಣಬೇಕಾದರೆ, ಜಿಲ್ಲೆಯ ಭಾಂಡಾರಗಳು ತಮ್ಮಲ್ಲಿರುವ ತಟ್ಟೆ, ಕ್ಯಾಸೆಟ್ಟು, ಸುರುಳಿಗಳ ಯಾದಿಯನ್ನು ಸಿದ್ಧಪಡಿಸಿ, ಸ್ವಾಮ್ಯವು ತೀರಿದುವನ್ನು ಬೇರ್ಪಡಿಸಿ, ತೀರದವುಗಳಿಗೆ ಪ್ರತಿಸಹಿತವಾದ ಪರವಾನಗಿಯನ್ನು ಒಟ್ಟಾಗಿ ಕೇಳುವುದು ಮೊದಲನೆಯ ಕರ್ತವ್ಯವಾಗಿದೆ.